ಎರಡು ತೂತು, ಒಂದು ಪೈಪು

ಸೀನನ ಹಳೇ ಕಾರಿನ ಬಾನೆಟ್ ಎತ್ತಿ ನಾವು ಮೂವರೂ ಬಗ್ಗಿ ನಿಂತು ಗಂಟೆಯಾಗಿತ್ತು. ಸಿಲಿಂಡರುಗಳಿಗೆ ಕಿಡಿ ಹಂಚೋ ಡಿಸ್ಟ್ರಿಬ್ಯೂಟರಿನಿಂದ ಬಂದ ರಬ್ಬರ್ ಪೈಪು ಒಂದು, ಪೆಟ್ರೋಲ್-ಗಾಳಿ ಬೆರೆಸೋ ಕಾರ್ಬ್ಯುರೇಟರಿನಲ್ಲಿ ತೂತು ಎರಡು. ಯಾವುದಕ್ಕೆ ಸಿಕ್ಕಿಸೋದು ಅನ್ನೋದೇ ಜಗಳ.

"ಕೆಳಗಿನದಕ್ಕೆ ಹಾಕು," ಅಂದ ಗುಂಡ. "ಅದು ಆಕ್ಸಿಲರೇಟರ್ ಒತ್ತಿದಾಗ ತೆರೆಯೋ ಥ್ರಾಟಲ್ ತಟ್ಟೆಯ ಕೆಳಗಿದೆ. ಗಾಡಿ ನಿಂತು ಇಂಜಿನ್ ಮಾತ್ರ ಓಡೋ ಐಡ್ಲಿಂಗ್‌ನಲ್ಲೇ ಜೋರಾಗಿ ಗಾಳಿ ಎಳೆಯುತ್ತೆ, ಇಂಜಿನ್ನೂ ತಣ್ಣಗಿರುತ್ತೆ."

"ಐಡ್ಲಿಂಗ್ ಸ್ಪೀಡ್ ಏರಿ ಕೂತರೆ? ಮೇಲಿನದಕ್ಕೆ ಹಾಕಿದರೆ ಆಕ್ಸಿಲರೇಟರ್ ಒತ್ತೋ ತನಕ ತೆಪ್ಪಗಿರುತ್ತೆ," ಅಂದ ಸೀನ.

"ಅಲ್ರೋ, ಎಳೆದರೆ ಏನಾಗುತ್ತೆ?" ಅಂದೆ. ಕೇಳಬಾರದಿತ್ತು.

ಗುಂಡ ಡಿಸ್ಟ್ರಿಬ್ಯೂಟರಿನ ಪಕ್ಕದ ತಗಡಿನ ಡಬ್ಬಿ ತೋರಿಸಿದ. ಒಳಗೊಂದು ರಬ್ಬರ್ ಪೊರೆ, ಅಂದರೆ ಡಯಾಫ್ರಾಮ್, ಅದಕ್ಕೊಂದು ಕಡ್ಡಿ. ಗಾಳಿ ಎಳೆದಾಗ ಕಡ್ಡಿ, ಕಿಡಿ ಹೊಡೆಸೋ ಪಾಯಿಂಟ್ಸ್ ಕೂತ ತಟ್ಟೆಯನ್ನು ಚೂರು ತಿರುಗಿಸುತ್ತೆ. ಕಿಡಿ ಬೇಗ ಹೊಡೆಯುತ್ತೆ.

"ಬೇಗ ಯಾಕೆ?"

"ಆಕ್ಸಿಲರೇಟರ್ ಸ್ವಲ್ಪವೇ ಒತ್ತಿದಾಗ ಸಿಲಿಂಡರಿಗೆ ಹೋಗೋ ಪೆಟ್ರೋಲ್-ಗಾಳಿಯೂ ಸ್ವಲ್ಪವೇ. ಅದು ಹಸಿ ಸೌದೆ ಥರ, ನಿಧಾನಕ್ಕೆ ಉರಿಯೋದು. ಮುಂಚೆಯೇ ಬೆಂಕಿಕಡ್ಡಿ ಗೀರಬೇಕು. ಪೂರ್ತಿ ಒತ್ತಿದರೆ ಸಿಲಿಂಡರ್ ತುಂಬುತ್ತೆ, ಬೇಗ ಉರಿಯುತ್ತೆ. ಆಗ ಎಳೆತವೇ ಇರಲ್ಲ, ಸ್ಪ್ರಿಂಗ್ ಪಾಯಿಂಟ್ಸ್ ತಟ್ಟೆಯನ್ನು ವಾಪಸ್ ತಳ್ಳುತ್ತೆ. ಇಲ್ಲದಿದ್ದರೆ ಇಂಜಿನ್ ಟಕಟಕ ಅಂತ ಬಡಿದುಕೊಳ್ಳುತ್ತೆ."

"ಸ್ಪೀಡ್ ಜಾಸ್ತಿ ಆದಾಗ?"

"ಅದನ್ನು ಡಿಸ್ಟ್ರಿಬ್ಯೂಟರ್ ಒಳಗೆ ತಿರುಗೋ ತೂಕದ ಬಿಲ್ಲೆಗಳು ನೋಡಿಕೊಳ್ಳುತ್ತವೆ. ಈ ಡಬ್ಬಿಗೆ ಬೇಕಾಗಿರೋದು ಇಂಜಿನ್ ಎಷ್ಟು ಏದುಸಿರು ಬಿಡುತ್ತಿದೆ ಅನ್ನೋದು ಮಾತ್ರ."

ಗುಂಡನ ಬಾಯಲ್ಲಿ ಇಷ್ಟು ಬುದ್ಧಿಮಾತು ಬಂದಿದ್ದು ಅದೇ ಮೊದಲು. ಸೀನನಿಗೆ ತಡೆಯಲಾಗಲಿಲ್ಲ.

"ಥ್ರಾಟಲ್ ತಟ್ಟೆ ತೆರೆದು ಮೇಲಿನ ತೂತನ್ನು ದಾಟಿತು ಅಂದರೆ ಎರಡು ತೂತಲ್ಲೂ ಎಳೆತ ಹೆಚ್ಚುಕಡಿಮೆ ಒಂದೇ!" ಅಂದ.

"ಅಂದ್ರೆ ವ್ಯತ್ಯಾಸ ಐಡ್ಲಿಂಗ್‌ನಲ್ಲಿ ಮಾತ್ರ ಅಲ್ವಾ? ಒಂದು ಗಂಟೆಯಿಂದ ನಿಂತ ಕಾರಿನ ಬಗ್ಗೆ ಜಗಳ ಆಡ್ತಿದ್ದೀರಾ?"

ಇಬ್ಬರೂ ನನ್ನನ್ನೇ ದುರುಗುಟ್ಟಿ ನೋಡಿದರು.

"ಮೊದಲು ಡಬ್ಬಿ ಸರಿ ಇದೆಯಾ ನೋಡೋಣ," ಅಂತ ಗುಂಡ ಪೈಪಿನ ತುದಿಯನ್ನು ಬಾಯಿಗಿಟ್ಟು ಹೀರಿದ. ಡಯಾಫ್ರಾಮ್ ಗಟ್ಟಿ ಇದ್ದರೆ ಪೈಪು ನಾಲಿಗೆಗೆ ಕಚ್ಚಿ ಹಿಡಿಯಬೇಕು. ಹಿಡಿಯಲಿಲ್ಲ. ಗುಂಡನ ಕೆನ್ನೆ ಒಳಗೆ ಹೋಯಿತು, ಕಣ್ಣು ಹೊರಗೆ ಬಂತು, ಗಾಳಿ ಮಾತ್ರ ಸುಯ್ಯಂತ ಬರುತ್ತಲೇ ಇತ್ತು. ಕಡ್ಡಿ ಅಲ್ಲಾಡಲೇ ಇಲ್ಲ.

"ಹರಿದಿದೆ," ಅಂದೆ. "ಯಾವ ತೂತಿಗೆ ಹಾಕಿದ್ದರೂ ಅಷ್ಟೇ."

ಸೀನ ಪೈಪು ಕಿತ್ತುಕೊಂಡ. "ಆಗಲಿ. ಹೊಸ ಡಬ್ಬಿ ಬಂದ ಮೇಲೆ ಮೇಲಿನ ತೂತಿಗೇ ಹಾಕೋದು."

"ಕೆಳಗಿನದಕ್ಕೆ!" ಅಂದ ಗುಂಡ, ಏದುಸಿರು ಬಿಡುತ್ತಲೇ.