ಕ್ಯಾರಿ ಬಕ್ ಪ್ರಕರಣ: ಮೇಲ್ಮನವಿ ಇದ್ದೂ ಆಪರೇಷನ್ ಯಾಕೆ ನಿಲ್ಲಲಿಲ್ಲ?

ಪ್ರಶ್ನೆ (ಕಡತಪ್ರಿಯ):
ಅಮೆರಿಕದ ವರ್ಜೀನಿಯಾ ರಾಜ್ಯದ 1924ರ ಸಂತಾನಹರಣ (ಮಕ್ಕಳಾಗದಂತೆ ಬಲವಂತವಾಗಿ ಆಪರೇಷನ್ ಮಾಡುವ) ಕಾಯ್ದೆಯಲ್ಲಿ ನೋಟಿಸ್, ವಿಚಾರಣೆ, ಮೇಲ್ಮನವಿ ಎಲ್ಲಕ್ಕೂ ಅವಕಾಶವಿತ್ತು. 'ಮಂದಬುದ್ಧಿ' ಎಂಬ ಹಣೆಪಟ್ಟಿ ಹೊತ್ತು ಸರ್ಕಾರಿ ಸಂಸ್ಥೆಯಲ್ಲಿದ್ದ ತರುಣಿ ಕ್ಯಾರಿ ಬಕ್ ಪ್ರಕರಣ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಆದರೂ 1927ರಲ್ಲಿ 8-1 ಬಹುಮತದಿಂದ ಆಪರೇಷನ್‌ಗೆ ಒಪ್ಪಿಗೆ ಸಿಕ್ಕಿತು. ಇಷ್ಟು ಹಂತಗಳಿದ್ದರೂ ತಡೆ ಬೀಳದಿದ್ದದ್ದು ಹೇಗೆ? ಮತ್ತೆ, ಜೀನ್ ಪರೀಕ್ಷೆಯೇ ಇಲ್ಲದ ಕಾಲದಲ್ಲಿ 'ಮಂದಬುದ್ಧಿ ವಂಶದಿಂದ ಬಂದದ್ದು' ಅಂತ ತೀರ್ಮಾನ ಮಾಡುತ್ತಿದ್ದದ್ದು ಯಾವ ಆಧಾರದ ಮೇಲೆ?

ಉತ್ತರ 1 (ಕಾನೂನುಕಟ್ಟೆ):
ಆ ಹಂತಗಳನ್ನು ಇಟ್ಟದ್ದು ಸಂಸ್ಥೆಗಳ ಒಳಗಿದ್ದವರ ರಕ್ಷಣೆಗಲ್ಲ, ಕಾಯ್ದೆಯ ರಕ್ಷಣೆಗೆ. ಇಂಥ ಮೊದಲ ಕಾಯ್ದೆ ಇಂಡಿಯಾನಾ ರಾಜ್ಯದ್ದು, 1907. ಅದನ್ನು 1921ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ರದ್ದು ಮಾಡಿತು. ನ್ಯೂಜೆರ್ಸಿಯದು 1913ರಲ್ಲೇ ಬಿದ್ದುಹೋಗಿತ್ತು. ಹಾಗಾಗಿ ಯುಜೆನಿಕ್ಸ್ (ವಂಶ ಸುಧಾರಣೆ ಹೆಸರಿನ ಚಳವಳಿ) ಪ್ರಚಾರಕ ಹ್ಯಾರಿ ಲಾಫ್ಲಿನ್ ಸಿದ್ಧಪಡಿಸಿದ್ದ ಮಾದರಿ ಕಾಯ್ದೆಯನ್ನು ನೋಡಿಕೊಂಡು, ಕೋರ್ಟಿನಲ್ಲಿ ನಿಲ್ಲುವಂಥ ಮಸೂದೆಯನ್ನು ವಕೀಲ ಆಬ್ರೆ ಸ್ಟ್ರೋಡ್ ಬರೆದರು. ಅಧೀಕ್ಷಕ ಅರ್ಜಿ ಹಾಕಬೇಕು, ಸಂಸ್ಥೆಯ ಆಡಳಿತ ಮಂಡಳಿ ವಿಚಾರಣೆ ನಡೆಸಬೇಕು, ಆಮೇಲೆ ಕೌಂಟಿಯ ಸರ್ಕ್ಯೂಟ್ ಕೋರ್ಟು, ರಾಜ್ಯದ ಉಚ್ಚ ನ್ಯಾಯಾಲಯ. ಅರ್ಜಿ ಹಾಕುವವನೂ ಮೊದಲು ತೀರ್ಪು ಕೊಡುವವರೂ ಒಂದೇ ಸಂಸ್ಥೆಯವರು ಅನ್ನುವುದನ್ನು ಗಮನಿಸಿ.

ಕ್ಯಾರಿ ಇದ್ದದ್ದು ಲಿಂಚ್‌ಬರ್ಗ್ ಬಳಿಯ ಸರ್ಕಾರಿ ಕಾಲೊನಿಯಲ್ಲಿ (ಮೂರ್ಛೆರೋಗಿಗಳನ್ನೂ 'ಮಂದಬುದ್ಧಿ'ಯವರನ್ನೂ ಇಡುತ್ತಿದ್ದ ಸಂಸ್ಥೆ). ಆಕೆಯ ವಕೀಲ ಇರ್ವಿಂಗ್ ವೈಟ್‌ಹೆಡ್ ಅದೇ ಕಾಲೊನಿಯ ಆಡಳಿತ ಮಂಡಳಿಯ ಮಾಜಿ ಸದಸ್ಯ, ಸ್ಟ್ರೋಡ್‌ರ ಹಳೆಯ ಗೆಳೆಯ. ಫೀಸು ಕೊಟ್ಟದ್ದೂ ಕಾಲೊನಿಯೇ. ಕ್ಯಾರಿ ಪರ ಒಬ್ಬ ಸಾಕ್ಷಿಯನ್ನೂ ಆತ ಕರೆಯಲಿಲ್ಲ. ಆಕೆ ಶಾಲೆಯಲ್ಲಿ ಸರಿಯಾಗಿಯೇ ಪಾಸಾಗಿದ್ದಳು. ಸಾಕುಮನೆಯವರ ನೆಂಟನೊಬ್ಬ ಅತ್ಯಾಚಾರ ಮಾಡಿದ್ದರಿಂದ ಬಸುರಾದೆ ಅಂತ ಮುಂದೆ ಆಕೆಯೇ ಹೇಳಿದಳು. ಇವೆರಡೂ ದಾಖಲೆಗೆ ಬರಲೇ ಇಲ್ಲ. ಕೆಳಗಿನ ಕೋರ್ಟಿನಲ್ಲಿ ದಾಖಲಾಗದ್ದನ್ನು ಮೇಲಿನ ಕೋರ್ಟು ಹೊಸದಾಗಿ ಕೆದಕುವುದಿಲ್ಲ. ಅಷ್ಟರಲ್ಲೇ ಮೇಲ್ಮನವಿಯ ಕಥೆ ಮುಗಿಯಿತು. ಭಿನ್ನಮತ ಕೊಟ್ಟ ಏಕೈಕ ನ್ಯಾಯಮೂರ್ತಿ ಪಿಯರ್ಸ್ ಬಟ್ಲರ್ ಕಾರಣವನ್ನೂ ಬರೆಯಲಿಲ್ಲ. 1927ರ ಅಕ್ಟೋಬರ್ 19ರಂದು ಕಾಲೊನಿಯ ಅಧೀಕ್ಷಕ ಡಾ. ಬೆಲ್ ಆಪರೇಷನ್ ಮಾಡಿದರು. ತಂಗಿ ಡೋರಿಸ್‌ಗೆ ಮರುವರ್ಷ, ಅಪೆಂಡಿಕ್ಸ್ ಆಪರೇಷನ್ ಅಂತ ಸುಳ್ಳು ಹೇಳಿ.

ಉತ್ತರ 2 (ವಂಶಾವಳಿ):
ಎರಡನೇ ಪ್ರಶ್ನೆಗೆ. ನ್ಯೂಯಾರ್ಕ್ ರಾಜ್ಯದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್‌ನಲ್ಲಿ 1910ರಲ್ಲಿ ಚಾರ್ಲ್ಸ್ ಡೇವನ್‌ಪೋರ್ಟ್ ಯುಜೆನಿಕ್ಸ್ ದಾಖಲೆ ಕಚೇರಿ ತೆರೆದರು. ಬೇಸಿಗೆಯಲ್ಲಿ ತರಬೇತಿ ಪಡೆದ ಕಾರ್ಯಕರ್ತರು (ಹೆಚ್ಚಿನವರು ಹೆಂಗಸರು) ಮನೆಮನೆಗೆ ಹೋಗಿ ವಂಶವೃಕ್ಷ ಬರೆಯುತ್ತಿದ್ದರು. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ. ಒಳಗೆ ಒಂದಕ್ಷರದ ಗುರುತು: 'ಎಫ್' ಮಂದಬುದ್ಧಿ, 'ಎ' ಕುಡುಕ, 'ಇ' ಮೂರ್ಛೆರೋಗಿ, 'ಎನ್' ಸರಿಯಿರುವವರು.

ಎಡವಟ್ಟು ಇಲ್ಲೇ. ಸತ್ತುಹೋದ ಅಜ್ಜನಿಗೆ ಅಕ್ಕಪಕ್ಕದವರ ಮಾತು ಕೇಳಿ 'ಎಫ್' ಹಾಕುವುದು, ಬಡತನವನ್ನೂ ಮದುವೆಯಿಲ್ಲದ ಬಸಿರನ್ನೂ ರೋಗಲಕ್ಷಣದಂತೆ ಎಣಿಸುವುದು. ತಂದೆಗೂ ಮಗನಿಗೂ 'ಎಫ್' ಬಿದ್ದರೆ ಆನುವಂಶಿಕತೆ ಸಾಬೀತು! ಒಂದೇ ಮನೆ, ಒಂದೇ ಹಸಿವು ಅನ್ನುವುದಕ್ಕೆ ಪಟ್ಟಿಯಲ್ಲಿ ಅಕ್ಷರವೇ ಇರಲಿಲ್ಲ. ಲಾಫ್ಲಿನ್ ಅಂತೂ ಕ್ಯಾರಿಯನ್ನು ನೋಡದೆಯೇ ಲಿಖಿತ ಸಾಕ್ಷ್ಯ ಕಳಿಸಿದರು. ಕ್ಯಾರಿಯ ಮಗಳು ವಿವಿಯನ್ 'ಸಹಜವಾಗಿಲ್ಲ' ಅಂದದ್ದು ಮಗುವಿಗೆ ವರ್ಷ ತುಂಬುವ ಮೊದಲು. ಅದೇ ಹುಡುಗಿ 1931ರಲ್ಲಿ ಶಾಲೆಯ ಉತ್ತಮ ವಿದ್ಯಾರ್ಥಿಗಳ ಪಟ್ಟಿಯಲ್ಲಿದ್ದಳು. ಮರುವರ್ಷ ಕಾಯಿಲೆಯಿಂದ ತೀರಿಕೊಂಡಳು, ಎಂಟು ವರ್ಷಕ್ಕೆ.

ಬಿನೆ ಬುದ್ಧಿಮತ್ತೆ ಪರೀಕ್ಷೆಯಲ್ಲಿ ಕ್ಯಾರಿಯ 'ಮಾನಸಿಕ ವಯಸ್ಸು' 9 ಅಂತ ಬರೆದರು. ಮೊದಲ ಮಹಾಯುದ್ಧದ ಸೇನಾ ಪರೀಕ್ಷೆಗಳಲ್ಲಿ ಬಿಳಿಯ ಸೈನಿಕರ ಸರಾಸರಿಯೇ ಸುಮಾರು 13 ಬಂದಿತ್ತು. ಅಳತೆಗೋಲು ಎಂಥದ್ದು ಅಂತ ಇದರಿಂದಲೇ ತಿಳಿಯುತ್ತದೆ.

ಉತ್ತರ 3 (ತಳಿಲೆಕ್ಕ):
ಯುಜೆನಿಕ್ಸ್ ಪ್ರಚಾರಕರ ಊಹೆಯನ್ನೇ ಒಪ್ಪಿಕೊಂಡರೂ ಲೆಕ್ಕ ಕೂಡುವುದಿಲ್ಲ. ಮಂದಬುದ್ಧಿಗೆ ಒಂದೇ ಅಪ್ರಬಲ ಜೀನ್ (ಅಪ್ಪ, ಅಮ್ಮ ಇಬ್ಬರಿಂದಲೂ ಬಂದರೆ ಮಾತ್ರ ಲಕ್ಷಣ ತೋರುವಂಥದ್ದು) ಕಾರಣ, 100ಕ್ಕೆ 1 ಮಂದಿಗೆ ಇದೆ ಅಂದುಕೊಳ್ಳಿ. ಆಗ ಜೀನಿನ ಪ್ರಮಾಣ 0.1 (0.1 × 0.1 = 0.01, ಅಂದರೆ 100ಕ್ಕೆ 1), ಅದನ್ನು ಹೊತ್ತಿದ್ದೂ ಲಕ್ಷಣವಿಲ್ಲದವರು 18%. ಆಪರೇಷನ್ ಇವರನ್ನು ಮುಟ್ಟುವುದೇ ಇಲ್ಲ. n ತಲೆಮಾರಿನ ನಂತರದ ಪ್ರಮಾಣ = 0.1 ÷ (1 + 0.1n). ಲಕ್ಷಣವಿರುವ ಒಬ್ಬರನ್ನೂ ಬಿಡದೆ ಪ್ರತಿ ತಲೆಮಾರಿನಲ್ಲೂ ಸಂತಾನಹರಣ ಮಾಡಿದರೂ ಅಂಥವರು 10,000ಕ್ಕೆ 1ಕ್ಕೆ ಇಳಿಯಲು (ಜೀನಿನ ಪ್ರಮಾಣ 0.01) 90 ತಲೆಮಾರು ಬೇಕು. ತಲೆಮಾರಿಗೆ 25 ವರ್ಷ ಹಿಡಿದರೆ 2,250 ವರ್ಷ. ಇಂಥ ಲೆಕ್ಕವನ್ನು ಬ್ರಿಟನ್ನಿನ ತಳಿವಿಜ್ಞಾನಿ ಪನ್ನೆಟ್ 1917ರಲ್ಲೇ ಪ್ರಕಟಿಸಿದ್ದರು. ಕ್ಯಾರಿ ತೀರ್ಪಿಗೆ ಹತ್ತು ವರ್ಷ ಮೊದಲು.

ಕಡತಪ್ರಿಯ:
ಮೂವರಿಗೂ ಧನ್ಯವಾದ. 1942ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಸ್ಕಿನ್ನರ್ ತೀರ್ಪು ಕ್ಯಾರಿ ತೀರ್ಪನ್ನು ರದ್ದು ಮಾಡಿತಲ್ಲವೇ?

ಕಾನೂನುಕಟ್ಟೆ:
ಇಲ್ಲ ಸರ್. ಅದು ಒಕ್ಲಹೋಮಾದ ಕೈದಿಗಳ ಕಾಯ್ದೆ. ಕೋಳಿ ಕದ್ದವನಿಗೆ ಆಪರೇಷನ್, ಹಣ ದುರುಪಯೋಗ ಮಾಡಿದ ಗುಮಾಸ್ತನಿಗೆ ವಿನಾಯಿತಿ. ಈ ತಾರತಮ್ಯದ ಮೇಲೆ ಅದು ಬಿತ್ತು. ಕ್ಯಾರಿ ತೀರ್ಪನ್ನು ಮುಟ್ಟಲಿಲ್ಲ, ಈವರೆಗೂ ಯಾರೂ ನೇರವಾಗಿ ರದ್ದು ಮಾಡಿಲ್ಲ. ವರ್ಜೀನಿಯಾ ತನ್ನ ಕಾಯ್ದೆಯನ್ನು ಹಿಂತೆಗೆದದ್ದು 1974ರಲ್ಲಿ. ದೇಶದಲ್ಲಿ ಒಟ್ಟು 60,000ಕ್ಕೂ ಹೆಚ್ಚು ಮಂದಿಗೆ ಇಂಥ ಆಪರೇಷನ್ ಆಯಿತು, ಅದರಲ್ಲಿ ಸುಮಾರು 20,000 ಕ್ಯಾಲಿಫೋರ್ನಿಯಾ ಒಂದರಲ್ಲೇ. ವರ್ಜೀನಿಯಾ ಪರಿಹಾರಕ್ಕೆ ಒಪ್ಪಿದ್ದು 2015ರಲ್ಲಿ, ಬದುಕಿದ್ದವರಿಗೆ ತಲಾ 25,000 ಡಾಲರ್. ಕ್ಯಾರಿ ತೀರಿಕೊಂಡದ್ದು 1983ರಲ್ಲಿ.