ಪುಟ್ಟೀ, ಆ ತೆಳು ಕೇಸು ಬೇಡ

ಹಾಂ, ಪುಟ್ಟೀ, ನಿನ್ನ ಮೆಸೇಜು ಈಗ ನೋಡ್ದೆ. ಹಾಲ್‌ನಲ್ಲಿ ಟೀವಿ ಕೆಳಗಿನ ಕಪಾಟಿನೊಳಗೆ ಕೂರೋ ಹಾಗೆ ಸಿನಿಮಾ ನೋಡೋ ಕಂಪ್ಯೂಟರಿಗೆ ಒಂದು ತೆಳು ಕೇಸು, ಅಂದ್ರೆ ಭಾಗಗಳನ್ನೆಲ್ಲ ಕೂರಿಸೋ ಪೆಟ್ಟಿಗೆ, ನೋಡಿದೀನಿ ಮಾವ, ಬಿಸಿ ಆಗುತ್ತೇನೋ ಅಂತ ಭಯ ಅಂದಿದೀಯ. ಆಗುತ್ತೇನೋ ಏನು, ಆಗೇ ಆಗುತ್ತೆ. ಬಾಗಿಲು ಮುಚ್ಚೋ ಕಪಾಟಿನೊಳಗೆ ಮಾತ್ರ ಇಡಬೇಡ.

ನಾನು ತಂದಿದ್ನಲ್ಲ ಒಂದು, ಕಪ್ಪಗೆ, ಮುಂದೆ ಅಲ್ಯೂಮಿನಿಯಂ ಪಟ್ಟಿ. ದೊಡ್ಡಕ್ಕ ಅದನ್ನ ಟೇಪ್ ಡೆಕ್ ಅಂದ್ಕೊಂಡು ಕ್ಯಾಸೆಟ್ ಹಾಕೋ ಜಾಗ ಹುಡುಕಿದ್ಲು. ನಾಲ್ಕು ಬೆರಳು ಎತ್ತರ ಅಷ್ಟೇ. ಒಳಗೆ ಎರಡು ಫ್ಯಾನು, 40 ಮಿಲಿಮೀಟರಿನವು, ಬಿಸ್ಕತ್ತಿನಷ್ಟಗಲ. ಅಪ್ಪನ ಹಳೇ ವಿಡಿಯೊ ತೋರಿಸ್ತೀನಿ ಅಂತ ಎಲ್ಲರನ್ನೂ ಕೂರಿಸಿ, ಚೆಂದ ಕಾಣ್ಲಿ ಅಂತ ಗಾಜಿನ ಬಾಗಿಲನ್ನೂ ಮುಚ್ಚಿದೆ. ಇಪ್ಪತ್ತು ನಿಮಿಷ ಆಗಿರಬೇಕು. ಮೊದಲು ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಸದ್ದು, ಆಮೇಲೆ ಕೂಗೇ ಶುರು. ಅಪ್ಪ ತೆರೆ ಮೇಲೆ ಕೈ ಎತ್ತಿದವರು ಎತ್ತಿದ ಹಾಗೇ ನಿಂತುಬಿಟ್ರು, ಮುಂದೆ ಕತ್ತಲು. ಬಾಗಿಲು ತೆಗೆದ್ರೆ ಮುಖಕ್ಕೆ ರಪ್ ಅಂತ ಬಿಸಿ. ಮುಚ್ಚಳ ಮುಟ್ಟಿದ್ರೆ ಇಸ್ತ್ರಿಪೆಟ್ಟಿಗೆ!

ಕೆಟ್ಟಿರ್ಲಿಲ್ಲ. ಬಿಟ್ಟ ಬಿಸಿಗಾಳಿಯನ್ನೇ ಮತ್ತೆ ಒಳಗೆಳ್ಕೊಳ್ತಿತ್ತು ಪಾಪ. ಕಾವು ಏರಿದ ಹಾಗೆ ಪ್ರೊಸೆಸರು, ಅಂದ್ರೆ ಲೆಕ್ಕ ಮಾಡೋ ಮುಖ್ಯ ಚಿಪ್ಪು, ತಾನೇ ವೇಗ ಇಳಿಸುತ್ತೆ, ಅದೂ ಸಾಲದಾದ್ರೆ ಜೀವ ಉಳಿಸ್ಕೊಳ್ಳೋಕೆ ಆಫ್ ಆಗುತ್ತೆ. ತಪ್ಪು ನಂದೇ. ಅದಕ್ಕೇ ಇನ್ನೊಂದ್ಸಲ ಹೇಳ್ತೀನಿ, ಬಾಗಿಲು ಮುಚ್ಚೋ ಕಪಾಟಿನೊಳಗೆ ಇಡಬೇಡ.

ಭಾವ ಅವತ್ತು ‘ನಿನ್ನ ಥಿಯೇಟರಲ್ಲಿ ಇಂಟರ್‌ವಲ್ ಬೇಗ ಬರುತ್ತಪ್ಪ’ ಅಂದ್ರು. ಇವತ್ತಿಗೂ ಅದನ್ನೇ ಅಂತಾರೆ. ಈ ಗ್ರೂಪಲ್ಲೇ ಇದಾರೆ, ಕೇಳಿಸ್ಕೊಳ್ಳಲಿ. ಅಪ್ಪನ ಆ ವಿಡಿಯೊ ಟೇಪುಗಳನ್ನ ಕಂಪ್ಯೂಟರಿಗೆ ಹಾಕಿದ್ದು ಯಾರು? ಒಂದು ಗಂಟೆ ಟೇಪಿಗೆ ಒಂದು ಗಂಟೆ ಕೂತೇ ಇರಬೇಕು, ಓಡಿಸೋಕಾಗಲ್ಲ. ಹಾಗೆ ಮೂರು ತಿಂಗಳು ಕೂತೆ. ಎಲ್ಲರ ಮನೆಗೂ ಪೆನ್‌ಡ್ರೈವಲ್ಲಿ ಕೊಟ್ಟೆ. ಒಬ್ಬರಾದ್ರೂ ತೆಗೆದು ನೋಡಿದೀರಾ? ಒಬ್ಬರಂತೂ ಅಳಿಸಿ ಹಾಡು ತುಂಬ್ಕೊಂಡಿದಾರೆ. ಹೆಸರು ಹೇಳಲ್ಲ.

ಅಯ್ಯೋ, ನೀನು ಕೇಳಿದ್ದು ಕೇಸಲ್ವಾ. ನೋಡು, 120 ಮಿಲಿಮೀಟರ್ ಫ್ಯಾನು ಹಿಡಿಯೋ ಕೇಸೇ ತಗೋ. ದೊಡ್ಡದು ನಿಧಾನ ತಿರುಗಿದ್ರೂ ಅಷ್ಟೇ ಗಾಳಿ ತಳ್ಳುತ್ತೆ, ಸದ್ದಿಲ್ಲ. ಎಲ್ಲ ಭಾಗ ಕೂರೋ ಮದರ್‌ಬೋರ್ಡು ಮಿನಿ ಐಟಿಎಕ್ಸ್ ಅನ್ನೋ ಅಳತೆದಾದ್ರೆ 170 ಮಿಲಿಮೀಟರ್ ಚೌಕ, ಮೈಕ್ರೊ ಎಟಿಎಕ್ಸ್ ಆದ್ರೆ 244, ಅದನ್ನ ನೋಡ್ಕೊಂಡು ಕೇಸಿನ ಅಗಲ. ಪ್ರೊಸೆಸರ್ ತಣ್ಣಗಿಡೋ ಕೂಲರ್ ಎಷ್ಟೆತ್ತರದ್ದು ಹಿಡಿಯುತ್ತೆ ಅಂತ ಕೇಸಿನ ವಿವರದಲ್ಲೇ ಬರೆದಿರ್ತಾರೆ, ಅದನ್ನ ನೋಡದೆ ಕೂಲರ್ ತಗೋಬೇಡ. ಗೋಪುರದ ಥರದ್ದು ಎಷ್ಟೋ 150 ಮಿಲಿಮೀಟರ್ ದಾಟುತ್ತೆ, ಮುಚ್ಚಳ ಕೂರಲ್ಲ. ಚಿತ್ರಕ್ಕೆ ಅಂತಲೇ ಬೇರೆ ಗ್ರಾಫಿಕ್ಸ್ ಕಾರ್ಡು ಹಾಕೋದಿದ್ರೆ ತೆಳು ಕೇಸಿಗೆ ಸಾಮಾನ್ಯವಾಗಿ ಅರ್ಧ ಎತ್ತರದ್ದೇ ಬೇಕು. ಸಿನಿಮಾ ನೋಡೋಕಷ್ಟೇ ಆದ್ರೆ ಕಾರ್ಡೇ ಬೇಡ, ಕಾವೂ ಕಮ್ಮಿ. ತಿರುಗೋ ಹಾರ್ಡ್ ಡಿಸ್ಕಿನ ಬದಲು ತಿರುಗೋ ಭಾಗವೇ ಇಲ್ಲದ ಎಸ್‌ಎಸ್‌ಡಿ ಹಾಕು, ರಾತ್ರಿ ಮೆಲ್ಲಗೆ ಮಾತಾಡೋ ಸೀನಲ್ಲಿ ಗರಗರ ಇರಲ್ಲ.

ಕಪಾಟಿನ ಆಳ ಅಳೀವಾಗ ಹಿಂದೆ ಟೀವಿಗೆ ಹೋಗೋ ಎಚ್‌ಡಿಎಂಐ ವೈರು ಬಾಗೋಕೆ ನಾಲ್ಕು ಬೆರಳು ಬಿಟ್ಟು ಅಳಿ. ಅಳತೆ ಇಲ್ಲೇ ಹಾಕು. ಹಿಂದುಗಡೆ ಹಲಗೆ ಇದೆಯೋ ಬಯಲೋ, ಅದನ್ನೂ ಹೇಳು, ಆಮೇಲೆ ಆರ್ಡರ್ ಮಾಡುವಿಯಂತೆ.