ಎರೆಮಣ್ಣಿನಲ್ಲಿ ಪಂಕ್ಚರ್ ಆದರೆ ಜಾಕ್ ಎಲ್ಲಿ ಇಡಬೇಕು? ಹಿಮದ ಚೈನನ್ನು ಕೆಸರಿಗೆ ಬಳಸಬಹುದೇ?

ಪ್ರಶ್ನೆ (ಕಾರಟಗಿಯಿಂದ)

ಎಲ್ಲರಿಗೂ ನಮಸ್ಕಾರ. ತುಂಗಭದ್ರಾ ಎಡದಂಡೆಯ ಒಂದು ಉಪಕಾಲುವೆಯ ಏರಿಯ ಮೇಲೆ ಸುಮಾರು ಎರಡು ಕಿಲೋಮೀಟರ್ ಹೋದರೆ ನಮ್ಮ ಭತ್ತದ ಗದ್ದೆ ಸಿಗುತ್ತದೆ. ಬೇಸಿಗೆಯಲ್ಲಿ ಆ ಏರಿಯ ಮೇಲೆ ಯಾವ ಕಾರಾದರೂ ಸಲೀಸಾಗಿ ಹೋಗುತ್ತದೆ, ಆದರೆ ಒಂದು ದೊಡ್ಡ ಮಳೆ ಬಿದ್ದರೆ ಎರಡು ದಿನ ಅಲ್ಲಿ ಕಾಲಿಡುವುದೂ ಕಷ್ಟ. ಕಳೆದ ತಿಂಗಳು ತಾಯಿಯವರನ್ನು ಗದ್ದೆಗೆ ಕರೆದುಕೊಂಡು ಹೋಗಿ ಹಿಂದಿರುಗುವಾಗ ಕಾರಿನ ಮುಂದಿನ ಎಡ ಚಕ್ರಕ್ಕೆ ಬಳ್ಳಾರಿ ಜಾಲಿಯ ಮುಳ್ಳು ಚುಚ್ಚಿ ಗಾಳಿ ಪೂರ್ತಿ ಇಳಿಯಿತು. ನಿಂತಲ್ಲೇ ಜಾಕ್ ಇಟ್ಟು ತಿರುಗಿಸಿದೆ. ಕಾರು ಏಳಲಿಲ್ಲ, ಜಾಕೇ ಮಣ್ಣಿನೊಳಗೆ ಇಳಿಯಿತು. ಜಾಗ ಬದಲಿಸಿ ಇನ್ನೊಮ್ಮೆ ಎತ್ತಿದಾಗ ಜಾಕ್ ವಾಲಿ, ಕಾರು ಕಾಲುವೆಯ ಕಡೆಗೆ ಒಂದು ಗೇಣಿನಷ್ಟು ಜರುಗಿತು. ತಾಯಿಯವರು ಒಳಗೇ ಕುಳಿತಿದ್ದರು. ಆ ಕ್ಷಣವನ್ನು ನೆನೆದರೆ ಈಗಲೂ ಕೈ ನಡುಗುತ್ತದೆ. ಪಕ್ಕದ ಹೊಲದವರು ಟ್ರ್ಯಾಕ್ಟರ್ ತಂದು ಎಳೆದಿದ್ದರಿಂದ ಪಾರಾದೆವು, ಆದರೆ ಎಳೆಯುವಾಗ ಮುಂದಿನ ಬಂಪರ್ ಕಿತ್ತುಬಂತು.

ನನ್ನದು ಮುಂದಿನ ಗಾಲಿಗಳಿಗೆ ಇಂಜಿನ್ ಶಕ್ತಿ ಹೋಗುವ ಸಾಮಾನ್ಯ ಹ್ಯಾಚ್‌ಬ್ಯಾಕ್ ಕಾರು. ಇಂತಹ ಮೆತ್ತನೆಯ ನೆಲದಲ್ಲಿ ಪಂಕ್ಚರ್ ಆದರೆ ಮೊದಲು ಏನು ಮಾಡಬೇಕು, ಕೆಸರಿನಲ್ಲಿ ಗಾಲಿ ಸುತ್ತತೊಡಗಿದರೆ ಹೊರಬರುವ ಸುರಕ್ಷಿತ ಕ್ರಮ ಯಾವುದು ಎಂಬುದನ್ನು ಬಲ್ಲವರು ತಿಳಿಸಬೇಕು. ಇನ್ನೊಂದು ವಿಷಯವೂ ಇದೆ. ಡಿಸೆಂಬರಿನಲ್ಲಿ ಇದೇ ಕಾರಿನಲ್ಲಿ ಮನಾಲಿಯವರೆಗೆ ಹೋಗುವ ಆಲೋಚನೆಯಿದ್ದು, ಹಿಮಕ್ಕಾಗಿ ಟೈರಿಗೆ ಕಟ್ಟುವ ಚೈನ್ ಕೊಳ್ಳಬೇಕಾಗಿದೆ. ಅದನ್ನೇ ನಮ್ಮ ಎರೆಮಣ್ಣಿನ ದಾರಿಗೂ ಬಳಸಬಹುದೇ?

ಉತ್ತರ 1 (ಗಂಗಾವತಿಯ ಟೈರ್ ಅಂಗಡಿಯವರು)

ಸಹೋದರರೆ, ನೀವೂ ನಿಮ್ಮ ತಾಯಿಯವರೂ ಕ್ಷೇಮವಾಗಿರುವುದು ದೊಡ್ಡ ಸಮಾಧಾನ. ಮೊದಲ ಮಾತು ಅದಕ್ಕೇ ಸಂಬಂಧಿಸಿದ್ದು: ಜಾಕ್ ಕಾರನ್ನು ಮುಟ್ಟುವ ಮೊದಲೇ ಒಳಗಿರುವ ಎಲ್ಲರೂ ಇಳಿದು, ಕಾರು ಜರುಗಬಹುದಾದ ದಿಕ್ಕನ್ನು ಬಿಟ್ಟು ದೂರ ನಿಲ್ಲಬೇಕು. ವಯಸ್ಸಾದವರಿಗೆ ಇಳಿಯಲು ತೊಂದರೆ ಎನಿಸಿದರೂ ಇದರಲ್ಲಿ ರಿಯಾಯಿತಿ ಬೇಡ.

ಎರಡನೆಯದು, ಅಲ್ಲಿಯೇ ಗಾಲಿ ಬದಲಿಸಬೇಕೆಂಬ ಹಟ ಬೇಡ. ಗಾಳಿ ಇಳಿದ ಟೈರಿನ ಮೇಲೆ ಓಡಿಸಿದರೆ ಟೈರ್ ಹಾಳಾಗುತ್ತದೆ ಎಂಬ ಭಯದಿಂದ ಜನ ನಿಂತಲ್ಲೇ ಜಾಕ್ ತೆಗೆಯುತ್ತಾರೆ. ಟೈರ್ ಹಾಳಾಗುವುದು ನಿಜ, ಆದರೆ ಕಾಲುವೆಯ ಅಂಚಿನಲ್ಲಿ ಕಾರನ್ನು ಎತ್ತುವುದಕ್ಕಿಂತ ನಡಿಗೆಯ ವೇಗದಲ್ಲಿ ಐವತ್ತು ಅಥವಾ ನೂರು ಮೀಟರ್ ಮುಂದೆ ಹೋಗಿ, ಗರಸು ಹಾಕಿದ ಸಮತಟ್ಟು ಜಾಗ ಹಿಡಿಯುವುದು ಲೇಸು. ಹೋದದ್ದು ಟೈರ್ ಮಾತ್ರ. ಹೆದ್ದಾರಿಯಲ್ಲಿಯೂ ಇದೇ ನಿಯಮ. ಕೊಪ್ಪಳದಿಂದ ಬಳ್ಳಾರಿಯ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 67ರಲ್ಲಿ ಲಾರಿಗಳು ಓಡುವ ಪಟ್ಟಿಯ ಪಕ್ಕದಲ್ಲೇ ಬಲಗಾಲಿಯ ನಟ್ಟು ಬಿಚ್ಚುತ್ತಾ ಕುಳಿತವರನ್ನು ಕಂಡಾಗಲೆಲ್ಲ ನನಗೆ ಎದೆ ಹಿಡಿದಂತಾಗುತ್ತದೆ. ಹಜಾರ್ಡ್ ದೀಪ ಹಾಕಿ, ಎಡಬದಿಗೆ ಸಾಧ್ಯವಾದಷ್ಟು ಸರಿದು, ಹಿಂದೆ ಕನಿಷ್ಠ ಐವತ್ತು ಮೀಟರ್ ದೂರದಲ್ಲಿ ಕೆಂಪು ತ್ರಿಕೋನ ಇಡಬೇಕು. ಜಾಗ ಅಪಾಯಕರ ಎನಿಸಿದರೆ ಗಾಲಿ ಬದಲಿಸುವ ಗೋಜಿಗೇ ಹೋಗದೆ, ರಸ್ತೆಯಿಂದ ದೂರ ನಿಂತು, ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033ಕ್ಕೆ ಕರೆ ಮಾಡಬೇಕು.

ಈಗ ಜಾಕಿನ ವಿಷಯ. ಕಾರಿನ ಜೊತೆ ಬರುವ ಕತ್ತರಿ ಜಾಕಿನ ತಳ ಅಂಗೈ ಅಗಲದ್ದು. ಅಷ್ಟು ಚಿಕ್ಕ ಜಾಗದ ಮೇಲೆ ಕಾರಿನ ಒಂದು ಮೂಲೆಯ ಭಾರವೆಲ್ಲ ಬೀಳುತ್ತದೆ. ನೀರು ಕುಡಿದ ಎರೆಮಣ್ಣು ಅದನ್ನು ತಾಳಿಕೊಳ್ಳುವುದಿಲ್ಲ. ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಇಂಚಿಗಿಂತ ಕಡಿಮೆಯಿಲ್ಲದ ದಪ್ಪದ ಮರದ ಹಲಗೆಯನ್ನು ಡಿಕ್ಕಿಯಲ್ಲಿ ಇಟ್ಟುಕೊಳ್ಳಿ. ಇಟ್ಟಿಗೆ ಅಥವಾ ಬಂಡೆಚೂರು ಬೇಡ, ಏಕೆಂದರೆ ಇಟ್ಟಿಗೆ ಸೀಳುತ್ತದೆ, ಕಲ್ಲು ಜಾರುತ್ತದೆ. ಹಲಗೆ ಹಾಕಿದ ಮೇಲೂ ಜಾಕ್ ವಾಲತೊಡಗಿದರೆ ಕೂಡಲೇ ಇಳಿಸಿಬಿಡಬೇಕು, ಎತ್ತುತ್ತಾ ಸರಿಪಡಿಸಲು ಹೋಗಬಾರದು.

ಹ್ಯಾಂಡ್ ಬ್ರೇಕ್ ಎಳೆದಿದ್ದೇನೆ, ಇನ್ನೇನು ಎಂದು ನಂಬಿದವರು ಬಹಳ. ಹೆಚ್ಚಿನ ಕಾರುಗಳಲ್ಲಿ ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಎರಡು ಗಾಲಿಗಳನ್ನು ಮಾತ್ರ. ಹಿಂದಿನ ಒಂದು ಗಾಲಿಯನ್ನು ಮೇಲೆತ್ತಿದರೆ ಆ ಹಿಡಿತದಲ್ಲಿ ಅರ್ಧ ಹೋಯಿತು. ನಿಮ್ಮಂತೆ ಮುಂದಿನ ಗಾಲಿಯನ್ನು ಎತ್ತಿದಾಗ ಇನ್ನೊಂದು ಬಗೆಯ ಕೊರತೆ: ಗೇರಿನಲ್ಲಿ ಇಟ್ಟಿದ್ದರೂ ಗಾಳಿಯಲ್ಲಿರುವ ಗಾಲಿ ತಿರುಗಬಲ್ಲದು, ಆದ್ದರಿಂದ ನೆಲದ ಮೇಲಿರುವ ಅದರ ಜೊತೆಗಾಲಿಯನ್ನು ಇಂಜಿನ್ ತಡೆಹಿಡಿಯಲಾರದು. ಆದ್ದರಿಂದ ಹ್ಯಾಂಡ್ ಬ್ರೇಕ್, ಗೇರ್ ಎರಡನ್ನೂ ಹಾಕಿ, ಎತ್ತುವ ಗಾಲಿಗೆ ಮೂಲೆಯಿಂದ ಮೂಲೆಗೆ ಎದುರಾಗಿರುವ ಗಾಲಿಯ ಮುಂದೆಯೂ ಹಿಂದೆಯೂ ಅಡ್ಡಗಟ್ಟೆ ಕೊಡಬೇಕು.

ನಟ್ಟುಗಳನ್ನು ಗಾಲಿ ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲಿಸಿ, ಆಮೇಲೆ ಎತ್ತಬೇಕು. ಬಿಚ್ಚಿದ ಗಾಲಿಯನ್ನು ಬಾಗಿಲ ಕೆಳಗಿನ ಅಂಚಿನಡಿ ಮಲಗಿಸಿದರೆ, ಜಾಕ್ ಜಾರಿದರೂ ಕಾರು ಅದರ ಮೇಲೆ ನಿಲ್ಲುತ್ತದೆ. ಸ್ಟೆಪ್ನಿ ಹಾಕುವಾಗ ನಟ್ಟುಗಳನ್ನು ವೃತ್ತಾಕಾರವಾಗಿ ಸಾಲಾಗಿ ಬಿಗಿಯದೆ ಎದುರುಬದುರು ಬಿಗಿಯಬೇಕು, ಕೊನೆಯ ಬಿಗಿತವನ್ನು ಕಾರು ಇಳಿಸಿದ ಮೇಲೆ ಕೊಡಬೇಕು. ಪಾನಾದ ಮೇಲೆ ಹತ್ತಿ ಕುಣಿಯುವುದು, ಬೋಲ್ಟಿಗೆ ಎಣ್ಣೆ ಹಚ್ಚುವುದು ಎರಡೂ ತಪ್ಪು. ಐವತ್ತರಿಂದ ನೂರು ಕಿಲೋಮೀಟರ್ ಓಡಿದ ಮೇಲೆ ಬಿಗಿತವನ್ನು ಮತ್ತೊಮ್ಮೆ ನೋಡಿಸಿ. ನಿಮ್ಮ ಸ್ಟೆಪ್ನಿ ಉಳಿದ ಗಾಲಿಗಳಿಗಿಂತ ಚಿಕ್ಕದಾಗಿದ್ದರೆ ಅದರ ಮೇಲೆ ವೇಗಮಿತಿ ಬರೆದಿರುತ್ತದೆ, ಸಾಮಾನ್ಯವಾಗಿ ಗಂಟೆಗೆ 80 ಕಿಲೋಮೀಟರ್. ಅದನ್ನು ಮೀರಬಾರದು. ಅದು ಪಂಕ್ಚರ್ ಅಂಗಡಿ ಸಿಗುವವರೆಗಿನ ಗಾಲಿಯೇ ಹೊರತು ತಿಂಗಳುಗಟ್ಟಲೆ ಓಡಿಸಲು ಇಟ್ಟದ್ದಲ್ಲ.

ಹೊಸ ಕಾರು ಕೊಳ್ಳುವವರಿಗೆ ಒಂದು ಸೂಚನೆ. ಟ್ಯೂಬ್‌ಲೆಸ್ ಟೈರ್, ಗಾಳಿಯ ಒತ್ತಡ ತೋರಿಸುವ ವ್ಯವಸ್ಥೆ ಮತ್ತು ಪಂಕ್ಚರ್ ಕಿಟ್ ಇದ್ದರೆ ಸ್ಟೆಪ್ನಿ ಕಡ್ಡಾಯವಲ್ಲ ಎಂದು 2020ರಲ್ಲಿ ಕೇಂದ್ರದ ನಿಯಮ ಬದಲಾಯಿತು. ಕಿಟ್ಟಿನ ದ್ರವ ಟೈರಿನ ನಡುಪಟ್ಟಿಯ ಸಣ್ಣ ತೂತನ್ನು ಮುಚ್ಚುತ್ತದೆ, ಪಕ್ಕದ ಗೋಡೆ ಹರಿದರೆ ಏನೂ ಮಾಡಲಾರದು. ಹೊಲದ ದಾರಿಯಲ್ಲಿ ಜಾಲಿಯ ಕೊರಡು ಹರಿಯುವುದು ಹೆಚ್ಚಾಗಿ ಪಕ್ಕದ ಗೋಡೆಯನ್ನೇ. ಆದ್ದರಿಂದ ನಮ್ಮ ಭಾಗದವರು ಸ್ಟೆಪ್ನಿ ಇರುವ ಕಾರನ್ನೇ ಆರಿಸಿಕೊಳ್ಳುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ.

ಉತ್ತರ 2 (ಸಿರುಗುಪ್ಪದ ರೈತ)

ಮೇಲಿನ ಹಿರಿಯರು ಗಾಲಿಯ ವಿಷಯವನ್ನು ಸಂಪೂರ್ಣವಾಗಿ ಹೇಳಿದ್ದಾರೆ. ನಾನು ಕೆಸರಿನ ಬಗ್ಗೆ ಮಾತ್ರ ಬರೆಯುತ್ತೇನೆ.

ಎರೆಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಅದು ಮಸಾರಿಯಂತೆ, ಅಂದರೆ ಕೆಂಪು ಮಣ್ಣಿನಂತೆ, ಟೈರಿನಿಂದ ಉದುರುವುದಿಲ್ಲ. ಟೈರಿನ ಗೆರೆಗಳಲ್ಲಿ ತುಂಬಿಕೊಂಡು, ಒಂದೆರಡು ಸುತ್ತಿನಲ್ಲಿ ಟೈರನ್ನು ನುಣ್ಣಗಿನ ಉಂಡೆಯಾಗಿ ಮಾಡಿಬಿಡುತ್ತದೆ. ಆಗ ಆಕ್ಸಿಲರೇಟರ್ ಒತ್ತಿದಷ್ಟೂ ಗಾಲಿ ಗುಂಡಿ ತೋಡುತ್ತದೆ. ಗಾಲಿ ಸುತ್ತಿದ್ದು ತಿಳಿದ ಕೂಡಲೇ ಕಾಲು ತೆಗೆಯುವುದೇ ಇಲ್ಲಿನ ಮುಖ್ಯ ವಿದ್ಯೆ, ಏಕೆಂದರೆ ಮೊದಲ ಐದು ಸೆಕೆಂಡಿನಲ್ಲಿ ನಿಲ್ಲಿಸಿದ ಕಾರನ್ನು ಇಬ್ಬರು ತಳ್ಳಿ ಹೊರತರಬಹುದು, ಹೊಟ್ಟೆ ನೆಲಕ್ಕೆ ತಾಗಿದ ಕಾರಿಗೆ ಟ್ರ್ಯಾಕ್ಟರೇ ಬೇಕು.

ಅತಿಯಾಗಿ ಸುತ್ತಿಸುವುದರಲ್ಲಿ ಕಾಣದ ಇನ್ನೊಂದು ಅಪಾಯವಿದೆ. ಎರಡು ಚಾಲಕ ಗಾಲಿಗಳಲ್ಲಿ ಒಂದು ನಿಂತು ಒಂದೇ ಸುತ್ತುವಾಗ, ಡಿಫರೆನ್ಷಿಯಲ್ (ಎರಡು ಗಾಲಿಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ) ಕೆಲಸದಿಂದಾಗಿ ಸುತ್ತುವ ಗಾಲಿಯ ವೇಗ ಮೀಟರಿನಲ್ಲಿ ಕಾಣುವುದರ ಎರಡರಷ್ಟಿರುತ್ತದೆ. ಮೀಟರ್ 60 ತೋರಿಸಿದರೆ ಆ ಗಾಲಿ 120ರಲ್ಲಿ ಸುತ್ತುತ್ತಿದೆ. ಟೈರ್ ಕಾದು ಸಿಡಿದವರಿದ್ದಾರೆ, ಆದ್ದರಿಂದ ಸುತ್ತುವ ಗಾಲಿಯ ಹತ್ತಿರ ಯಾರೂ ನಿಲ್ಲಬಾರದು.

ಕ್ರಮ ಹೀಗಿರಲಿ. ಇಂಜಿನ್ ನಿಲ್ಲಿಸಿ, ಸಲಿಕೆಯಿಂದ ಗಾಲಿಗಳ ಮುಂದಿನ ಮತ್ತು ಹಿಂದಿನ ಮಣ್ಣನ್ನು ಇಳಿಜಾರಾಗಿ ಕೆರೆದು ತೆಗೆಯಿರಿ, ಟೈರಿನ ಗೆರೆಗಳನ್ನು ಕೋಲಿನಿಂದ ಕೆದರಿ ಸ್ವಚ್ಛ ಮಾಡಿ. ನಿಮ್ಮ ಕಾರಿಗೆ ಮುಂದಿನ ಗಾಲಿಗಳೇ ಚಾಲಕ ಗಾಲಿಗಳಾದ್ದರಿಂದ ಹಿಡಿತ ಕೊಡಬೇಕಾದದ್ದು ಅವುಗಳಿಗೆ. ಟ್ರ್ಯಾಕ್ಷನ್ ಬೋರ್ಡ್ ಎಂಬ ಹಲ್ಲುಳ್ಳ ಪ್ಲಾಸ್ಟಿಕ್ ಹಲಗೆಗಳು ಮಾರಾಟಕ್ಕೆ ಸಿಗುತ್ತವೆ. ಅವು ಇಲ್ಲದಿದ್ದರೆ ಗೋಣಿಚೀಲ, ಹತ್ತಿಕಟ್ಟಿಗೆ, ಭತ್ತದ ಹುಲ್ಲಿನ ದಪ್ಪ ಹಾಸು ಸಾಕಾಗುತ್ತದೆ. ಅದರ ತುದಿಯನ್ನು ಟೈರಿನ ಅಡಿಗೆ ಬಲವಾಗಿ ತೂರಿಸಬೇಕು, ಮುಂದೆ ಸುಮ್ಮನೆ ಹರಡಿದರೆ ಗಾಲಿ ಅದನ್ನು ಹತ್ತುವುದಿಲ್ಲ. ಕಾರಿನಲ್ಲಿ ಗಾಲಿ ಜಾರಿ ಸುತ್ತದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಗುಂಡಿ ಇದ್ದರೆ ಒಮ್ಮೆ ಅದನ್ನು ಆರಿಸಿ ನೋಡಿ, ಏಕೆಂದರೆ ಆಳ ಕೆಸರಿನಲ್ಲಿ ಅದು ಇಂಜಿನ್ನಿನ ಬಲವನ್ನೇ ತಗ್ಗಿಸಿ ಕಾರು ಹೊರಬರದಂತೆ ಮಾಡುತ್ತದೆ. ಆಮೇಲೆ ಸ್ಟಿಯರಿಂಗ್ ನೇರ ಇಟ್ಟು, ಎರಡನೆಯ ಗೇರಿನಲ್ಲಿ ಅತಿ ನಿಧಾನವಾಗಿ ಬಿಡಬೇಕು. ಬೋರ್ಡು ಹಿಂದಕ್ಕೆ ಗುಂಡಿನಂತೆ ಹಾರುವುದುಂಟು, ಆದ್ದರಿಂದ ತಳ್ಳುವವರು ಗಾಲಿಯ ನೇರಕ್ಕೆ ನಿಲ್ಲದೆ ಕಾರಿನ ಮಧ್ಯಭಾಗಕ್ಕೆ ಕೈ ಕೊಡಲಿ.

ಚಾಲಕ ಗಾಲಿಗಳ ಗಾಳಿಯನ್ನು ಸ್ವಲ್ಪ ಇಳಿಸಿದರೆ ಟೈರ್ ಅಗಲವಾಗಿ ಊರಿಕೊಳ್ಳುತ್ತದೆ. 20 ಪಿಎಸ್‌ಐ ಸುಮಾರಿಗೆ ನಿಲ್ಲಿಸಬಹುದು, ಆದರೆ ಸಿಗರೇಟ್ ಸಾಕೆಟ್ಟಿಗೆ ಸಿಕ್ಕಿಸುವ ಗಾಳಿಪಂಪ್ ಜೊತೆಗಿದ್ದರೆ ಮಾತ್ರ. ಕಡಿಮೆ ಗಾಳಿಯಲ್ಲಿ ಡಾಂಬರು ರಸ್ತೆಗೆ ಏರಿ ವೇಗವಾಗಿ ಓಡಿಸಿದರೆ, ರಾಯಚೂರಿನ ಬಿಸಿಲಿಗೆ ಟೈರಿನ ಗೋಡೆ ಕಾದು ಸಿಡಿಯುವ ಸಂಭವವಿದೆ.

ನಿಮ್ಮ ಬಂಪರ್ ಕಿತ್ತುಬಂದ ಕಾರಣ ಸ್ಪಷ್ಟವಿದೆ. ಬಂಪರ್ ಪ್ಲಾಸ್ಟಿಕ್ಕಿನದು, ಅದಕ್ಕೆ ಹಗ್ಗ ಕಟ್ಟುವಂತಿಲ್ಲ. ಉಪಕರಣಗಳ ಚೀಲದಲ್ಲಿ ಕಣ್ಣಿನಾಕಾರದ ಒಂದು ಕೊಕ್ಕೆ ಇರುತ್ತದೆ, ಬಂಪರಿನ ಚಿಕ್ಕ ಮುಚ್ಚಳ ತೆಗೆದು ಅದನ್ನು ತಿರುಪಿ ಕೂರಿಸಿ ಹಗ್ಗ ಕಟ್ಟಬೇಕು. ಟ್ರ್ಯಾಕ್ಟರಿನವರು ಸಡಿಲ ಹಗ್ಗವನ್ನು ಜಗ್ಗಿ ಎಳೆಯದೆ, ಮೊದಲು ಬಿಗಿಯಾಗಿಸಿಕೊಂಡು ಕಡಿಮೆ ಗೇರಿನಲ್ಲಿ ಒಂದೇ ಸಮನೆ ಎಳೆಯಲಿ. ಕಬ್ಬಿಣದ ಸರಪಳಿ ಹರಿದರೆ ಅದರ ತುಂಡು ಮನುಷ್ಯನನ್ನು ಕೊಲ್ಲಬಲ್ಲದು, ಹಗ್ಗದ ಉದ್ದದಷ್ಟು ದೂರದೊಳಗೆ ಮಕ್ಕಳನ್ನಂತೂ ಬಿಡಲೇಬಾರದು.

ಹೊರಬಂದ ಮೇಲೆ ಗಾಲಿಗಳ ಒಳಬದಿಯನ್ನು ನೀರಿನಿಂದ ತೊಳೆಯಿರಿ. ರಿಮ್ಮಿನೊಳಗೆ ಎರೆಮಣ್ಣು ಒಂದೇ ಕಡೆ ಒಣಗಿ ಕುಳಿತರೆ ವೇಗದಲ್ಲಿ ಸ್ಟಿಯರಿಂಗ್ ನಡುಗುತ್ತದೆ, ಜನ ಅಲೈನ್‌ಮೆಂಟ್ ಕೆಟ್ಟಿತೆಂದು ವೃಥಾ ದುಡ್ಡು ಖರ್ಚು ಮಾಡುತ್ತಾರೆ.

ಉತ್ತರ 3 (ಮಾನ್ವಿಯಿಂದ, ಮೂರು ಚಳಿಗಾಲ ಹಿಮಾಚಲದಲ್ಲಿ ವಾಹನ ಓಡಿಸಿದವರು)

ಚೈನಿನ ಪ್ರಶ್ನೆಗೆ ಉತ್ತರ ಕೊಡುತ್ತೇನೆ. ಹಿಮದ ಚೈನನ್ನು ಎರೆಮಣ್ಣಿಗೆ ಬಳಸಬೇಡಿ. ಕೆಸರಿನಲ್ಲಿ ಅದು ಗುಂಡಿಯನ್ನು ಇನ್ನೂ ಬೇಗ ತೋಡಿ ಕಾರಿನ ಹೊಟ್ಟೆಯನ್ನು ನೆಲಕ್ಕೆ ಕೂರಿಸುತ್ತದೆ, ಕೊಂಡಿಗಳ ನಡುವೆ ಮಣ್ಣು ತುಂಬಿದರೆ ಹಿಡಿತವೂ ಉಳಿಯುವುದಿಲ್ಲ. ಗದ್ದೆಯಲ್ಲಿ ಟ್ರ್ಯಾಕ್ಟರಿಗೆ ಕೇಜ್‌ವೀಲ್ ಎಂಬ ಕಬ್ಬಿಣದ ಪಂಜರದಂಥ ಗಾಲಿ ಹಾಕುವುದನ್ನು ನೋಡಿ ಚೈನೂ ಹಾಗೆಯೇ ಎಂದುಕೊಳ್ಳುವುದು ಸಹಜ, ಆದರೆ ಟ್ರ್ಯಾಕ್ಟರಿನ ಹೊಟ್ಟೆ ನೆಲದಿಂದ ಎಷ್ಟು ಎತ್ತರದಲ್ಲಿದೆ, ನಿಮ್ಮ ಕಾರಿನದು ಎಷ್ಟಿದೆ ಎಂದು ಹೋಲಿಸಿ ನೋಡಿ.

ಮನಾಲಿಯ ಕಡೆ ಹಿಮ ಬಿದ್ದ ದಿನಗಳಲ್ಲಿ ಸೋಲಂಗ್‌ನಿಂದ ಅಟಲ್ ಸುರಂಗದ ಕಡೆಗೆ ನಾಲ್ಕೂ ಗಾಲಿಗೆ ಶಕ್ತಿಯಿರುವ ಅಥವಾ ಚೈನ್ ಕಟ್ಟಿದ ವಾಹನಗಳನ್ನು ಮಾತ್ರ ಪೊಲೀಸರು ಬಿಡುವುದುಂಟು. 2020ರ ಅಕ್ಟೋಬರಿನಲ್ಲಿ ತೆರೆದ ಆ ಸುರಂಗ ಒಂಬತ್ತು ಕಿಲೋಮೀಟರಿಗಿಂತ ಉದ್ದವಿದೆ, ಒಳಗೆ ರಸ್ತೆಯ ಮೇಲೆ ಹಿಮವಿಲ್ಲ, ಎರಡೂ ಬಾಯಿಗಳ ಹೊರಗಿನ ರಸ್ತೆಯೇ ಕಠಿಣ. ಚೈನ್ ಕೊಳ್ಳುವ ಮೊದಲು ಕಾರಿನ ಕೈಪಿಡಿಯನ್ನು ಓದಿ, ಏಕೆಂದರೆ ಕೆಲವು ಕಾರುಗಳಲ್ಲಿ ಟೈರಿಗೂ ಸಸ್ಪೆನ್ಷನ್ನಿಗೂ ನಡುವೆ ಚೈನಿಗೆ ಜಾಗವೇ ಇರುವುದಿಲ್ಲ. ಅಂಥಲ್ಲಿ ಚೈನ್ ಬ್ರೇಕಿನ ಕೊಳವೆಯನ್ನು ಕತ್ತರಿಸಬಹುದು. ಟೈರಿನ ಪಕ್ಕದಲ್ಲಿ 185/65 ಆರ್ 15 ಎಂಬಂತೆ ಬರೆದಿರುವ ಅಳತೆಗೆ ಸರಿಯಾಗಿ ಹೊಂದುವುದನ್ನೇ ತೆಗೆದುಕೊಳ್ಳಿ.

ಮನೆಯ ಅಂಗಳದಲ್ಲಿ ಎರಡು ಮೂರು ಬಾರಿ ಕಟ್ಟಿ ಬಿಚ್ಚಿ ಅಭ್ಯಾಸ ಮಾಡಿ. ಹಿಮದಲ್ಲಿ ಬೆರಳು ಮರಗಟ್ಟಿದಾಗ ಸೂಚನಾಪತ್ರ ಓದುತ್ತಾ ಕಲಿಯಲು ಆಗುವುದಿಲ್ಲ. ನಿಮ್ಮ ಕಾರಿಗೆ ಮುಂದಿನ ಎರಡೂ ಗಾಲಿಗಳಿಗೆ ಕಟ್ಟಬೇಕು, ಒಂದಕ್ಕೆ ಮಾತ್ರ ಕಟ್ಟುವಂತಿಲ್ಲ. ಕಟ್ಟಿ ನೂರು ಮೀಟರ್ ಹೋದ ಮೇಲೆ ನಿಲ್ಲಿಸಿ ಮತ್ತೆ ಬಿಗಿಯಬೇಕು, ಗಂಟೆಗೆ 40 ಕಿಲೋಮೀಟರ್ ಮೀರಬಾರದು, ಹಿಮ ಮುಗಿದು ಡಾಂಬರು ಕಂಡ ಕೂಡಲೇ ಬಿಚ್ಚಬೇಕು. ಮುಂದೆ ಚೈನ್ ಇದ್ದು ಹಿಂದೆ ಇಲ್ಲದ ಕಾರು ಹೊರಡಲು ಚೆನ್ನಾಗಿ ಹಿಡಿಯುತ್ತದೆ, ಆದರೆ ಇಳಿಜಾರಿನ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಹಿಂಭಾಗ ಪಕ್ಕಕ್ಕೆ ತಿರುಗುತ್ತದೆ. ಹತ್ತುವಾಗ ಬಂದ ಧೈರ್ಯವನ್ನು ಇಳಿಯುವಾಗ ನೆಚ್ಚಿಕೊಳ್ಳಬೇಡಿ, ಮೊದಲನೆಯ ಗೇರಿನಲ್ಲೇ ಇಳಿಯಿರಿ. ಅಲ್ಲಿ ಮುಂದಿನ ಗಾಲಿ ಪಂಕ್ಚರ್ ಆದರೆ ಚಿಕ್ಕ ಸ್ಟೆಪ್ನಿಗೆ ಚೈನ್ ಕಟ್ಟಬಾರದು. ಹಿಂದಿನ ಒಳ್ಳೆಯ ಗಾಲಿಯನ್ನು ಮುಂದಕ್ಕೆ ತಂದು, ಸ್ಟೆಪ್ನಿಯನ್ನು ಹಿಂದಕ್ಕೆ ಹಾಕಿ.

ಪ್ರಶ್ನೆ ಕೇಳಿದವರ ಮರುಮಾತು

ಮೂವರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ನಿನ್ನೆ ಸಂಜೆ ಅಂಗಳದಲ್ಲಿ ಹಲಗೆ ಹಾಕಿ ಗಾಲಿ ಬಿಚ್ಚುವ ಅಭ್ಯಾಸ ಮಾಡಿದೆ. ನಾಲ್ಕು ನಟ್ಟುಗಳಲ್ಲಿ ಒಂದು ನನ್ನ ಕೈಬಲಕ್ಕೆ ಅಲುಗಲೇ ಇಲ್ಲ. ಹಿಂದೆ ಒಂದು ಅಂಗಡಿಯಲ್ಲಿ ಅದನ್ನು ಗಾಳಿಯ ಗನ್ನಿನಿಂದ ಬಿಗಿದಿದ್ದರು. ಇಂದು ಬೆಳಿಗ್ಗೆ ಬೇರೆ ಕಡೆ ಸಡಿಲಿಸಿ, ಕೈಪಾನಾದಿಂದಲೇ ಬಿಗಿಸಿಕೊಂಡು ಬಂದೆ. ಬಂಪರಿಗೆ ತಿರುಪುವ ಕೊಕ್ಕೆಯೂ ಸ್ಟೆಪ್ನಿಯ ಕೆಳಗೆ ಸಿಕ್ಕಿತು. ಆರು ವರ್ಷದಿಂದ ಅದು ಅಲ್ಲೇ ಇದ್ದದ್ದು ನನಗೆ ಗೊತ್ತೇ ಇರಲಿಲ್ಲ.

ಉತ್ತರ 1ರವರಿಂದ ಮತ್ತೆ

ಗನ್ನಿನ ಬಿಗಿತವನ್ನು ಮನೆಯಲ್ಲೇ ಕಂಡುಕೊಂಡದ್ದು ಬಹಳ ಒಳ್ಳೆಯದಾಯಿತು. ಸ್ಟೆಪ್ನಿ ಹೊರಗೆ ತೆಗೆದಿರುವಾಗಲೇ ಅದರ ಗಾಳಿಯನ್ನೂ ಅಳೆಸಿ, ಚಾಲಕನ ಬಾಗಿಲ ಕಂಬದ ಚೀಟಿಯಲ್ಲಿರುವ ಅಂಕಿಗೆ ಸರಿಪಡಿಸಿ. ಸ್ಟೆಪ್ನಿಯ ಟೈರಿನ ಪಕ್ಕದ ಗೋಡೆಯಲ್ಲಿ ಅಚ್ಚಾದ ಕೊನೆಯ ನಾಲ್ಕು ಅಂಕಿಗಳನ್ನು ನೋಡಿ: 2319 ಎಂದಿದ್ದರೆ 2019ರ ಇಪ್ಪತ್ಮೂರನೆಯ ವಾರದ್ದು ಎಂದರ್ಥ. ಒಮ್ಮೆಯೂ ಓಡದ ಟೈರಿನ ರಬ್ಬರು ಕೂಡ ವರ್ಷಗಳಲ್ಲಿ ಗಡಸಾಗಿ ಬಿರುಕು ಬಿಡುತ್ತದೆ. ಗೋಡೆಯಲ್ಲಿ ಕೂದಲೆಳೆಯ ಬಿರುಕು ಕಂಡರೂ ಮನಾಲಿಗೆ ಹೊರಡುವ ಮೊದಲು ಬದಲಿಸಿಬಿಡಿ.